ದುಬಾರಿ ಉಡುಪು: ಕೊಟ್ಟ ಹಣ ಯಾವುದಕ್ಕೆ?

ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ 2024ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನೊಂದಿಗೆ ಸಿನಿಮಾ ನೋಡಲು ಬಂದಿದ್ದರು. ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಕಾವಲು ಸಿಬ್ಬಂದಿ ಅವರನ್ನು ಬಾಗಿಲಲ್ಲೇ ತಡೆದರು. ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾಗಿ, ಮಾಲ್‌ಗೆ ಏಳು ದಿನ ಬೀಗ ಹಾಕಿಸುವುದಾಗಿ ಸರ್ಕಾರ ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಇನ್ನೊಬ್ಬ ರೈತರನ್ನು, ಕೈಯಲ್ಲಿ ಟಿಕೆಟ್ ಇದ್ದರೂ, ಬಟ್ಟೆ ಕೊಳೆಯಾಗಿದೆ ಎಂದು ತಡೆಯಲಾಗಿತ್ತು. ಸಹಪ್ರಯಾಣಿಕರು ಅವರ ಪರವಾಗಿ ವಾದಿಸಿದ ದೃಶ್ಯ ಊರೆಲ್ಲ ಹರಿದಾಡಿತು. ಭದ್ರತಾ ಮೇಲ್ವಿಚಾರಕನೊಬ್ಬ ಕೆಲಸ ಕಳೆದುಕೊಂಡ. ಈ ಎರಡು ಬಾಗಿಲುಗಳ ನಡುವಿನ ದೂರ ಹೆಚ್ಚೆಂದರೆ ನಾಲ್ಕೈದು ಕಿಲೋಮೀಟರ್.

ಮಾಲ್‌ನಲ್ಲಿ ಅಡ್ಡಿಯಾದದ್ದು ಪಂಚೆಯೇ ಎಂದು ನಾನು ನಂಬುವುದಿಲ್ಲ. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಪಂಚೆಯಲ್ಲೇ ದೆಹಲಿಯ ಆಡಳಿತ ನಡೆಸಿದರು. ಮಾಲ್‌ನ ಘಟನೆ ನಡೆದಾಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ನಿತ್ಯದ ಉಡುಪೂ ಪಂಚೆಯೇ. ಅಂಥವರು ಬಂದಿದ್ದರೆ ಅದೇ ಸಿಬ್ಬಂದಿ ಸೆಲ್ಯೂಟ್ ಹೊಡೆದು ಬಾಗಿಲು ತೆರೆಯುತ್ತಿದ್ದರು. ಇಬ್ಬರು ಉಟ್ಟದ್ದೂ ಬಿಳಿಯ ಬಟ್ಟೆ. ವ್ಯತ್ಯಾಸವಿದ್ದದ್ದು ಉಟ್ಟವರ ಬಗ್ಗೆ ಕಾವಲುಗಾರ ಮಾಡಿಕೊಳ್ಳುವ ಅಂದಾಜಿನಲ್ಲಿ. ಇವರ ಜೇಬಿನಲ್ಲಿ ಎಷ್ಟಿದೆ, ಇವರ ಹಿಂದೆ ಯಾರಿದ್ದಾರೆ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಅಳೆಯಬೇಕಾದ ಆತನಿಗೆ ಬೇರೆ ಆಧಾರವಿರಲಿಲ್ಲ. ಆತನೂ ಗುತ್ತಿಗೆಯ ಸಂಬಳಕ್ಕೆ, ಏಜೆನ್ಸಿ ಕೊಟ್ಟ ಸಮವಸ್ತ್ರ ತೊಟ್ಟು ನಿಂತವನೇ ಎಂಬುದನ್ನು ಮರೆಯಬಾರದು.

ದುಬಾರಿ ಬಟ್ಟೆಗೆ ಕೊಡುವ ಹಣ ಸಾರ್ಥಕವೇ ಎಂಬ ಪ್ರಶ್ನೆ ಮದುವೆಯ ಕಾಲ ಬಂತೆಂದರೆ ಪ್ರತಿ ಮನೆಯಲ್ಲೂ ಏಳುತ್ತದೆ. ಸಾಮಾನ್ಯವಾಗಿ ಅದಕ್ಕೆ ಸಿಗುವ ಉತ್ತರ ಸರಳತೆಯ ಉಪದೇಶ. ತಿಂಗಳ ಮೊದಲ ದಿನ ಪಿಂಚಣಿ ಖಾತೆಗೆ ಬೀಳುವ ನಮ್ಮಂಥವರಿಗೆ ಆ ಉಪದೇಶ ಬಲು ಸುಲಭ. ಆದರೆ ಪ್ರಶ್ನೆಯನ್ನು ಈ ಎರಡು ಬಾಗಿಲುಗಳಿಂದಲೇ ಆರಂಭಿಸಿದರೆ ಉತ್ತರ ಬೇರೆಯಾಗುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹಳೆಯ ಸಂಗತಿ. ಆ್ಯಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಅವಶ್ಯಕ ವಸ್ತು ಯಾವುದು ಎಂದು ಚರ್ಚಿಸುವಾಗ ನಾರುಬಟ್ಟೆಯ ಅಂಗಿಯ ಉದಾಹರಣೆ ಕೊಡುತ್ತಾನೆ. ಗ್ರೀಕರು, ರೋಮನ್ನರು ಅದಿಲ್ಲದೆಯೇ ಸುಖವಾಗಿದ್ದರು. ಬದುಕಲು ಅದು ಬೇಕೇ ಇಲ್ಲ. ಆದರೆ ತನ್ನ ಕಾಲದ ಯೂರೋಪಿನಲ್ಲಿ ದಿನಗೂಲಿಯವನೂ ಅದಿಲ್ಲದೆ ನಾಲ್ಕು ಜನರೆದುರು ನಿಲ್ಲಲು ನಾಚುತ್ತಾನೆ. ಆದ್ದರಿಂದ ಅದು ಅವಶ್ಯಕ ವಸ್ತುವೇ ಎಂಬುದು ಆತನ ತೀರ್ಮಾನ. ಅಂದರೆ ಬಟ್ಟೆಯ ಬೆಲೆಯಲ್ಲಿ ಒಂದು ಪಾಲು ಮೈ ಮುಚ್ಚುವುದಕ್ಕೆ, ಇನ್ನೊಂದು ಪಾಲು ಮರ್ಯಾದೆಯ ಪ್ರವೇಶ ಶುಲ್ಕ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ. ಆ ಶುಲ್ಕ ಎಷ್ಟೆಂಬುದನ್ನು ಕೊಡುವವನು ನಿರ್ಧರಿಸುವುದಿಲ್ಲ, ನೋಡುವವರು ನಿರ್ಧರಿಸುತ್ತಾರೆ.

ಬಸವೇಶ್ವರನಗರದ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗಳು ಬಿ.ಕಾಂ. ಮುಗಿಸಿದ್ದಳು. ಒಂದು ಕಂಪನಿಯಿಂದ ಸಂದರ್ಶನದ ಕರೆ ಬಂದಾಗ ತಾಯಿ ಬಂದು, "ಸಾರ್, ಹೊಸ ಬಟ್ಟೆ, ಶೂ ಎಲ್ಲಾ ಸೇರಿ ಮೂರೂವರೆ ಸಾವಿರ ಆಗತ್ತಂತೆ. ಸಂಘದಲ್ಲಿ ಸಾಲ ತೆಗೀಬೇಕು. ತೆಗೀಲಾ ಬೇಡ್ವಾ, ನೀವೇ ಹೇಳಿ" ಎಂದು ಕೇಳಿದಳು. ಅವಳ ತಿಂಗಳ ದುಡಿಮೆಯ ಕಾಲುಭಾಗ ಅದು. ಕೋಟು ಬೇಡ, ಬಾಡಿಗೆಯದೂ ಬೇಡ. ಒಳ್ಳೆಯ ಹತ್ತಿಯ ಒಂದು ಕುರ್ತಾ, ಗಟ್ಟಿಯಾದ ಶೂ ಕೊಳ್ಳಿ, ಸಾಲ ತೆಗೆಯಿರಿ ಎಂದೆ. ನನ್ನ ಪತ್ನಿ ವಿಜಯನಗರದ ಅಂಗಡಿಗೆ ಜೊತೆಗೆ ಹೋಗಿ ಆರಿಸಿಕೊಟ್ಟಳು. ಹುಡುಗಿಗೆ ಕೆಲಸ ಸಿಕ್ಕಿತು. ಬಟ್ಟೆಯಿಂದಲೇ ಸಿಕ್ಕಿತೆಂದು ಹೇಳಲಾರೆ. ಅವಳ ಅಂಕಗಳು ಚೆನ್ನಾಗಿದ್ದವು. ಆದರೆ ಸ್ವಾಗತ ಕಕ್ಷೆಯಲ್ಲಿ ಕುಳಿತಷ್ಟು ಹೊತ್ತೂ ಅವಳು ಚಪ್ಪಲಿಯ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳಬೇಕಾಗಲಿಲ್ಲ. ಆ ಮೂರೂವರೆ ಸಾವಿರವನ್ನು ದುಂದು ಎನ್ನುವವರು ಅದಿಲ್ಲದೆ ಒಮ್ಮೆ ಅಂಥ ಕಕ್ಷೆಯಲ್ಲಿ ಕುಳಿತು ಬರಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ನಮ್ಮ ನಗರದಲ್ಲೇ ಇದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಯಲ್ಲೇ ಓಡಾಡಿದವರು. ಯಾವ ಬಾಗಿಲೂ ಅವರಿಗೆ ಮುಚ್ಚಲಿಲ್ಲ, ಏಕೆಂದರೆ ಅವರು ಯಾರೆಂಬುದು ಬಾಗಿಲಿಗೆ ಮೊದಲೇ ತಿಳಿದಿತ್ತು. ಅವರ ಸರಳತೆಯ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಅದು ವ್ರತದಂಥದ್ದು. ಆದರೆ ಹೆಸರು, ಹುದ್ದೆ, ವಿದ್ಯೆ ಇರುವವರಿಗೆ ಆ ದಾರಿ ತೆರೆದಿರುತ್ತದೆ, ಇಲ್ಲದವರಿಗೆ ತೆರೆದಿರುವುದಿಲ್ಲ. ನಾನು ಉಪವಿಭಾಗಾಧಿಕಾರಿಯಾಗಿ ಮೊದಲ ಬಾರಿಗೆ ತಾಲ್ಲೂಕು ಕಚೇರಿಯ ತಪಾಸಣೆಗೆ ಹೋದಾಗ, ಅಹವಾಲು ಹಿಡಿದು ನಿಂತಿದ್ದ ಹಳ್ಳಿಗರು ಅರ್ಧ ತೋಳಿನ ಅಂಗಿಯ ನನ್ನನ್ನು ದಾಟಿಕೊಂಡು ಹೋಗಿ ಕೋಟು ತೊಟ್ಟಿದ್ದ ಶಿರಸ್ತೇದಾರರ ಕೈಗೆ ಅರ್ಜಿ ಕೊಟ್ಟರು. ಎಲ್ಲರೂ ನಕ್ಕೆವು. ಎರಡು ನಿಮಿಷದಲ್ಲಿ ಜವಾನ ಬಂದು ನಾನು ಯಾರೆಂದು ಹೇಳಿದ. ನಗು ಸಾಧ್ಯವಾದದ್ದು ಆ ಜವಾನನಿಂದ. ಹಾವೇರಿಯ ರೈತರಿಗೆ ಅಂಥ ಜವಾನನಿರಲಿಲ್ಲ.

ಹೀಗಾಗಿ ವಿಚಿತ್ರವೊಂದು ಕಾಣುತ್ತದೆ. ದುಬಾರಿ ಬಟ್ಟೆಯಿಂದ ನಿಜವಾದ ಲಾಭ ಪಡೆಯಬಲ್ಲವರಿಗೆ ಅದನ್ನು ಕೊಳ್ಳುವ ಶಕ್ತಿಯಿಲ್ಲ. ಕೊಳ್ಳುವ ಶಕ್ತಿಯಿರುವವರಿಗೆ ಅದರ ಅಗತ್ಯವಿಲ್ಲ. ಉಳ್ಳವರು ತಮ್ಮತಮ್ಮಲ್ಲೇ ಪೈಪೋಟಿಗಾಗಿ ಉಡುವುದನ್ನು ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಪ್ರದರ್ಶನದ ಅನುಭೋಗವೆಂದು ವಿವರಿಸಿದ್ದಾನೆ. ಅದರಿಂದಾಗುವ ಹಾನಿ ಅವರ ಜೇಬಿಗಷ್ಟೇ ಸೀಮಿತವಾಗಿದ್ದರೆ ಅದನ್ನು ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಮೇಲಿನವರು ಒಂದು ಮೆಟ್ಟಿಲು ಏರಿದಂತೆಲ್ಲ ಕೆಳಗಿನವರ ಪ್ರವೇಶ ಶುಲ್ಕವೂ ಏರುತ್ತದೆ. ಮದುವೆಗೆ ಬರುವ ಹತ್ತು ಮಂದಿ ಐವತ್ತು ಸಾವಿರದ ಸೀರೆ ಉಟ್ಟರೆ, ಹನ್ನೊಂದನೆಯವಳ ಐದು ಸಾವಿರದ ಸೀರೆ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಅವಳ ಸೀರೆಗೆ ಏನೂ ಆಗಿಲ್ಲ, ನೋಡುವವರ ಅಳತೆಗೋಲು ಬದಲಾಗಿದೆ.

ಹಾಗಾದರೆ ಮಧ್ಯಮ ವರ್ಗದ ನಾವು ಎಂದೂ ಬೆಲೆಬಾಳುವ ಬಟ್ಟೆ ಕೊಳ್ಳಬಾರದೇ? ಕೊಳ್ಳಬಹುದು, ಕೊಡುವ ಹಣ ಬಟ್ಟೆಗೇ ಹೋಗುತ್ತದೆಂಬ ಖಾತರಿಯಿದ್ದರೆ. ಅದನ್ನು ತಿಳಿಯುವ ವಿದ್ಯೆ ಒಂದು ಕಾಲಕ್ಕೆ ಪಶ್ಚಿಮ ಬೆಂಗಳೂರಿನ ಮನೆಮನೆಯಲ್ಲೂ ಇತ್ತು. ಅರಳೆಪೇಟೆಯಾಚೆ 1884ರಲ್ಲಿ ಆರಂಭವಾಗಿದ್ದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಜನರ ಬಾಯಲ್ಲಿ ಬಿನ್ನಿ ಮಿಲ್. ಮಾಗಡಿ ರಸ್ತೆಯ ಕಡೆಗೆ ಮಿನರ್ವ ಮಿಲ್. ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್. ಗಿರಣಿಯಲ್ಲಿ ದುಡಿಯುವ ಒಬ್ಬರಾದರೂ ಬಂಧುಬಳಗದಲ್ಲಿ ಇರುತ್ತಿದ್ದರು. ಅಂಗಡಿಯಲ್ಲಿ ಥಾನು ಬಿಚ್ಚಿಸಿ, ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಉಜ್ಜಿ ಗಂಜಿ ಎಷ್ಟಿದೆ ನೋಡಿ, ಬೆಳಕಿಗೆ ಹಿಡಿದು ನೇಯ್ಗೆಯ ಒತ್ತು ಪರೀಕ್ಷಿಸಿ, ಆಮೇಲಷ್ಟೇ ಮೀಟರಿನ ಬೆಲೆ ಕೇಳುತ್ತಿದ್ದರು. ಗಿರಣಿಗಳು ಮುಚ್ಚಿದವು. ರಾಜಾ ಮಿಲ್‌ನ ಜಾಗದಲ್ಲಿ 2010ರಿಂದ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಬಿನ್ನಿ ಮಿಲ್‌ನ ನೆಲದಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಬಟ್ಟೆ ತಯಾರಾಗುತ್ತಿದ್ದ ನೆಲದಲ್ಲೇ ಈಗ ಬಟ್ಟೆ ಮಾರಾಟವಾಗುತ್ತದೆ, ಆದರೆ ಮುಟ್ಟಿ ಹೇಳಬಲ್ಲವರು ವಿರಳ.

ಹಣ ಬಟ್ಟೆಗೇ ಹೋಗುವುದಕ್ಕೆ ನನಗೆ ತಿಳಿದ ಒಳ್ಳೆಯ ನಿದರ್ಶನ ಮೈಸೂರು ರೇಷ್ಮೆ ಸೀರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಆರಂಭಿಸಿದ ಕಾರ್ಖಾನೆ ಅದು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ವಶದಲ್ಲಿದೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೊರಟರೆ ಸಿಗುವ ರಾಮನಗರ ಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಅಲ್ಲಿ ಹರಾಜಾಗುವ ಗೂಡು ಆರರಿಂದ ಎಂಟು ಕಿಲೋ ಸೇರಿದರೆ ಒಂದು ಕಿಲೋ ಕಚ್ಚಾ ರೇಷ್ಮೆ. ಅದರ ಹಿಂದೆ ಹಿಪ್ಪುನೇರಳೆ ತೋಟ, ರಾತ್ರಿಯೂ ಎದ್ದು ಹುಳುವಿಗೆ ಸೊಪ್ಪು ಹಾಕುವ ರೈತ ಮಹಿಳೆಯರು, ಕುದಿನೀರಿನಲ್ಲಿ ಕೈಯಾಡಿಸುವ ನೂಲು ಬಿಚ್ಚಾಣಿಕೆಯವರು. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇದೆ ಎಂದು ನಿಗಮವೇ ಘೋಷಿಸುತ್ತದೆ. ಪ್ರತಿ ಸೀರೆಗೂ ಒಂದು ಗುರುತಿನ ಸಂಖ್ಯೆಯಿದೆ. ಹಳೆ ಜರಿ ಸೀರೆ ಕೊಳ್ಳುತ್ತೇವೆಂದು ನಮ್ಮ ಬೀದಿಗಳಲ್ಲಿ ಕೂಗಿಕೊಂಡು ಬರುವವರಿಗೆ ಬೇಕಾದದ್ದು ಆ ಬೆಳ್ಳಿಯೇ. ಬೆಲೆ ಈಗ ಇಪ್ಪತ್ತು ಸಾವಿರದ ಮೇಲೆಯೇ ಶುರುವಾಗುತ್ತದೆ. ಬೆಳ್ಳಿ ಏರಿದಂತೆ ಅದೂ ಏರುತ್ತದೆ. ದುಬಾರಿಯೇ. ಆದರೂ ಏಕೆ ದುಬಾರಿ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಮಳಿಗೆಯೆದುರು ಬೆಳಗಿನ ಜಾವವೇ ಸಾಲು ನಿಲ್ಲುವ ಹೆಂಗಸರನ್ನು ಗೇಲಿ ಮಾಡುವವರು ಇದನ್ನು ಗಮನಿಸಿದಂತಿಲ್ಲ.

ಉತ್ತರ ಸಿಗದ ಕಡೆ ಬೆಲೆಯೇ ಉತ್ತರವಾಗಿಬಿಡುತ್ತದೆ. ಮಾರುವವನಿಗೆ ಸರಕಿನ ಗುಣ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಇಂದಿನ ಸೀರೆ ಅಂಗಡಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ತಾಮ್ರದ ಎಳೆಗೆ ಬಣ್ಣ ಕೊಟ್ಟ ಜರಿ, ರೇಷ್ಮೆಯಂತೆ ಹೊಳೆಯುವ ಪಾಲಿಯೆಸ್ಟರ್, ಇವುಗಳ ನಡುವೆ ಗೊಂದಲಗೊಂಡ ಗ್ರಾಹಕ, ಹೆಚ್ಚು ಬೆಲೆಯದು ಒಳ್ಳೆಯದಿರಲೇಬೇಕೆಂದು ಭಾವಿಸುತ್ತಾನೆ. ವ್ಯಾಪಾರಿಗೂ ಅದು ಗೊತ್ತು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಈ ಕತ್ತಲೆಯನ್ನು ಸ್ವಲ್ಪ ಕಡಿಮೆ ಮಾಡಿದೆ. ಚೀಟಿ ಇಲ್ಲದಿದ್ದರೆ ಸೆರಗಿನ ಅಂಚಿನಿಂದ ಒಂದೆಳೆ ಬಿಡಿಸಿ ಸುಡುವ ಅಜ್ಜಿಯರ ಪರೀಕ್ಷೆ ಇದ್ದೇ ಇದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಾಲ್‌ನಲ್ಲಿ ಬೆಂಕಿಕಡ್ಡಿ ಗೀರಿದರೆ ಏನಾಗುತ್ತದೆ ಎಂಬುದು ಬೇರೆ ಮಾತು!

ಸಿದ್ಧ ಉಡುಪಿನ ಮೇಲಿನ ಹೆಸರಿಗೆ ಕೊಡುವ ಹಣದ ಕಥೆ ಇನ್ನೂ ಬೇರೆ. ಪೀಣ್ಯದಲ್ಲಿ, ಮೈಸೂರು ರಸ್ತೆಯ ಇಕ್ಕೆಲಗಳಲ್ಲಿ ಇರುವ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಗಾದರೆ ಬಸ್ಸು, ವ್ಯಾನುಗಳಲ್ಲಿ ಹೆಣ್ಣುಮಕ್ಕಳು ಬಂದಿಳಿಯುತ್ತಾರೆ. ಒಂದೇ ಸಾಲಿನ ಯಂತ್ರಗಳ ಮೇಲೆ ಈ ತಿಂಗಳು ಒಂದು ಕಂಪನಿಯ ಅಂಗಿ, ಮುಂದಿನ ತಿಂಗಳು ಅದರ ಮೂರು ಪಟ್ಟು ಬೆಲೆಯ ಇನ್ನೊಂದು ಕಂಪನಿಯ ಅಂಗಿ ಹೊಲಿಯಲಾಗುತ್ತದೆ. ಹೊಲಿಯುವ ಕೈ ಒಂದೇ, ಕೂಲಿ ಒಂದೇ. ವಿಜಯನಗರದ ಪಾದಚಾರಿ ಮಾರ್ಗದಲ್ಲಿ ಲೇಬಲ್ ಕತ್ತರಿಸಿ ರಾಶಿ ಹಾಕಿ ಮಾರುವ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಿಗೂ ಗಾಜಿನ ಮಳಿಗೆಯ ಅಂಗಿಗೂ ಎಷ್ಟೋ ಸಲ ಆ ಲೇಬಲ್ಲೇ ವ್ಯತ್ಯಾಸ. ಹೆಚ್ಚು ಬೆಲೆ ಕೊಟ್ಟರೆ ಹೊಲಿದವಳಿಗೆ ಹೆಚ್ಚು ಸಿಗುತ್ತದೆಂಬ ಸಮಾಧಾನವನ್ನು ಯಾರೂ ಮಾಡಿಕೊಳ್ಳಬೇಕಾಗಿಲ್ಲ.

ಕರ್ನಾಟಕದಲ್ಲಿ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯ ಪ್ರಸಂಗವನ್ನು ನೆನೆಯಬೇಕು. ತಿಂಗಳಿಗೆ ಸುಮಾರು 417 ರೂಪಾಯಿ, ದಿನಕ್ಕೆ ಹದಿನಾರು ರೂಪಾಯಿಯ ಲೆಕ್ಕ. ಬಾಕಿ ಸಹಿತ ಕೊಡಬೇಕೆಂದು ಹೈಕೋರ್ಟ್ ಆ ವರ್ಷವೇ ಹೇಳಿದ್ದರೂ ನಾಲ್ಕು ಲಕ್ಷದಷ್ಟು ಕಾರ್ಮಿಕರ ಕೈಗೆ ಅದು ಬರಲಿಲ್ಲ. ಹೊರದೇಶದ ಕಾರ್ಮಿಕ ಹಕ್ಕು ಸಂಘಟನೆಗಳು, ಅಂಗಿಯ ಮೇಲೆ ಹೆಸರಿರುವ ದೊಡ್ಡ ಕಂಪನಿಗಳ ಮೇಲೆ ಒತ್ತಡ ತಂದ ಬಳಿಕ, 2022ರ ಆರಂಭದಲ್ಲಿ ಬಾಕಿ ಪಾವತಿ ಶುರುವಾಯಿತು. ನಾವು ಒಂದು ಹೆಸರಿಗಾಗಿ ಎರಡು ಸಾವಿರ ಹೆಚ್ಚು ಕೊಡುವಾಗ, ಅಂಗಿ ಹೊಲಿದವಳ ದಿನದ ಹದಿನಾರು ರೂಪಾಯಿ ಎರಡು ವರ್ಷ ನಿಂತುಹೋಗಿತ್ತೆಂಬುದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ. ಇದಕ್ಕೆ ಹೋಲಿಸಿದರೆ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ತಯಾರಿಸುವ ಕೈಮಗ್ಗದ ಕುರ್ತಾ ಬೆಲೆಯಲ್ಲಿ ಹೆಚ್ಚಾದರೂ ಹೆಚ್ಚಾದದ್ದು ಏತಕ್ಕೆಂದು ಹೇಳಬಹುದು: ಯಂತ್ರ ಮಾಡುವ ಕೆಲಸವನ್ನು ಅಲ್ಲಿ ಕೈಗಳು ಮಾಡುತ್ತವೆ, ಕೈಗಳಿಗೆ ಕೂಲಿ ಬೇಕು.

ಇನ್ನು ಲೆಕ್ಕಾಚಾರ. ಬಟ್ಟೆಯ ಬೆಲೆಯನ್ನು ಅದನ್ನು ಉಡುವ ಸಲಗಳಿಂದ ಭಾಗಿಸಬೇಕೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಎಂಟುನೂರರ ಅಂಗಿ ನಲವತ್ತು ಒಗೆತಕ್ಕೆ ಕಾಲರು ಹರಿದುಕೊಂಡರೆ ಸಲಕ್ಕೆ ಇಪ್ಪತ್ತು ರೂಪಾಯಿ. ಎರಡು ಸಾವಿರದ ನಾನೂರರ ಅಂಗಿ ನೂರೈವತ್ತು ಒಗೆತ ತಡೆದರೆ ಹದಿನಾರು. ದುಬಾರಿಯದೇ ಅಗ್ಗ. ಆದರೆ ಈ ಏಣಿ ಬೇಗ ಮುಗಿಯುತ್ತದೆ. ಎಂಟು ಸಾವಿರದ ಅಂಗಿ ಐನೂರು ಒಗೆತ ತಡೆಯುವುದಿಲ್ಲ. ನೂಲಿನ ಆಯುಸ್ಸು ಬೆಲೆಚೀಟಿ ನೋಡಿ ಹೆಚ್ಚುವುದಿಲ್ಲ. ಸೀರೆಯ ವಿಷಯದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ಇಪ್ಪತ್ತೈದು ಸಾವಿರದ ರೇಷ್ಮೆ ಸೀರೆಯನ್ನು ವರ್ಷಕ್ಕೆ ಮೂರು ಸಲದಂತೆ ಇಪ್ಪತ್ತೈದು ವರ್ಷ ಉಟ್ಟರೆ ಸಲಕ್ಕೆ 333 ರೂಪಾಯಿ. ಎರಡೇ ಸಲ ಉಟ್ಟು ಮೂಲೆಗೆ ಸೇರುವ ಐದು ಸಾವಿರದ ಫ್ಯಾನ್ಸಿ ಸೀರೆಗೆ ಸಲಕ್ಕೆ 2,500. ಇದನ್ನು ಹೇಳಿ ನನ್ನ ಪತ್ನಿ ಒಂದು ರೇಷ್ಮೆ ಸೀರೆಯನ್ನು ಸಮರ್ಥಿಸಿಕೊಂಡಳು, ನಾನು ಒಪ್ಪಿದೆ. ಅದೇ ಸೂತ್ರ ಹಿಡಿದು ಎರಡನೆಯದನ್ನೂ ಸಮರ್ಥಿಸಲು ಬಂದಾಗ, ಎರಡನೆಯದು ಬಂದೊಡನೆ ಮೊದಲನೆಯದನ್ನು ಉಡುವ ಸಲಗಳು ಅರ್ಧವಾಗುತ್ತವೆ ಎಂದು ನೆನಪಿಸಬೇಕಾಯಿತು. ಬೀರುವಿನಲ್ಲಿ ಈಗಾಗಲೇ ಎಷ್ಟಿವೆ ಎಂಬುದನ್ನು ಎಣಿಸದೆ ಹೊಸದರ ಬೆಲೆಯನ್ನು ನಿರ್ಣಯಿಸಲು ಬರುವುದಿಲ್ಲ. ಎರಡೇ ಒಳ್ಳೆಯ ಸೀರೆಯಿರುವ ಶಾಲಾ ಶಿಕ್ಷಕಿಗೆ ಮೂರನೆಯದು ಸಾರ್ಥಕವಾಗಬಹುದು, ಅರವತ್ತಿರುವವರಿಗೆ ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕರೂ ನಷ್ಟವೇ.

ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ಮಗನ ಮದುವೆಗೆ ಅರವತ್ತು ಸಾವಿರದ ಶೇರ್ವಾನಿ ಕೊಳ್ಳಬೇಕೇ ಎಂದು ಕೇಳಿದರು. ಒಂದೇ ಸಂಜೆಯ ಉಡುಪು, ಬಾಡಿಗೆಗೆ ಸಿಗುತ್ತದೆ, ಅವರ ಮಗನನ್ನು ಆ ಸಂಜೆ ಯಾವ ಬಾಗಿಲಲ್ಲೂ ಯಾರೂ ತಡೆಯುವುದಿಲ್ಲ. ರೇಷ್ಮೆ ಪಂಚೆ, ಶಲ್ಯ ತೆಗೆಸಿಕೊಡಿ, ಮುಂದಿನ ಹಬ್ಬಗಳಿಗೂ ಆಗುತ್ತದೆ ಎಂದೆ. "ಬೀಗರು ಏನಂದುಕೊಂಡಾರು?" ಎಂದರು ಅವರು. ಬೀಗರ ಮನೆಯಲ್ಲೂ ಬಹುಶಃ ಇದೇ ಪ್ರಶ್ನೆ ನಡೆದಿರುತ್ತದೆ. ಎರಡು ಮನೆಯ ಹಿರಿಯರು ಒಮ್ಮೆ ಕುಳಿತು ಬಾಯಿಬಿಟ್ಟು ಮಾತನಾಡಿದರೆ ಎರಡು ಕಡೆಗೂ ಲಕ್ಷದಷ್ಟು ಉಳಿಯುತ್ತದೆ.

ಕೊನೆಯದಾಗಿ ಸರ್ಕಾರದ ಪಾತ್ರ. ಯಾವ ಬಟ್ಟೆ ದುಬಾರಿ ಎಂಬುದಕ್ಕೆ ನಮ್ಮ ತೆರಿಗೆ ವ್ಯವಸ್ಥೆಯೇ ಒಂದು ಗೆರೆ ಎಳೆದಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿದ್ಧ ಉಡುಪಿಗೆ ಆ ಗೆರೆ ಒಂದು ಸಾವಿರ ರೂಪಾಯಿಯಾಗಿತ್ತು. 2025ರ ಸೆಪ್ಟೆಂಬರ್ 22ರಿಂದ 2,500ಕ್ಕೆ ಏರಿದೆ. ಅಲ್ಲಿಯವರೆಗೆ ಶೇ 5, ಅದನ್ನು ದಾಟಿದರೆ ಶೇ 18. ಪಾದರಕ್ಷೆಗೂ ಇದೇ ಗೆರೆ. ಹೊಲಿಯದ ಬಟ್ಟೆಯೆಂದು ಪರಿಗಣಿಸುವ ಸೀರೆಗೆ ಮಾತ್ರ, ಬೆಲೆ ಲಕ್ಷವಾದರೂ, ಶೇ 5. ಸೀರೆಯ ಮೇಲೆ ಹೆಚ್ಚು ತೆರಿಗೆ ಹಾಕಿ ಎಂದು ನಾನು ಹೇಳಲಾರೆ, ಅದು ಮೊದಲು ತಟ್ಟುವುದು ನೇಕಾರರನ್ನು. ನನ್ನ ತಕರಾರು ಗೆರೆಯ ಬಗ್ಗೆ. 2,500ರ ಉಡುಪು ತೆರಿಗೆ ಸೇರಿ 2,625ಕ್ಕೆ ಸಿಗುತ್ತದೆ. 2,600ರದ್ದು 3,068 ಆಗುತ್ತದೆ. ನೂರು ರೂಪಾಯಿ ಮೇಲಿನ ಬಟ್ಟೆಗೆ 443 ರೂಪಾಯಿ ಹೆಚ್ಚು ತೆರಬೇಕು. ಶ್ರೀಮಂತನಿಗೆ ಈ ಗೆರೆ ಕಣ್ಣಿಗೂ ಬೀಳುವುದಿಲ್ಲ. ಅದರ ಅಂಚಿನಲ್ಲಿ ನಿಂತು ಸಂದರ್ಶನದ ಕೋಟನ್ನೋ ಮೊದಲ ಕೆಲಸದ ಶೂಗಳನ್ನೋ ಕೈಗೆತ್ತಿಕೊಂಡು ಮತ್ತೆ ಕೆಳಗಿಡುವವರು ಬೇರೆಯೇ ಜನ. ಆದಾಯ ತೆರಿಗೆಯ ಮಜಲುಗಳಲ್ಲಿ ಮಿತಿ ದಾಟಿದ ಭಾಗಕ್ಕಷ್ಟೇ ಹೆಚ್ಚಿನ ದರ ಅನ್ವಯಿಸುತ್ತದೆ. ಅದೇ ನ್ಯಾಯವನ್ನು ಇಲ್ಲಿಗೂ ತಂದರೆ 2,600ರ ಉಡುಪಿನ ತೆರಿಗೆ 468 ರೂಪಾಯಿಯ ಬದಲು 143 ಆಗುತ್ತದೆ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಆಸನವಿದೆ. ಗಾರ್ಮೆಂಟ್ಸ್ ಕಾರ್ಖಾನೆಗಳ ರಾಜ್ಯವೆನಿಸಿಕೊಂಡ ನಮ್ಮ ಪ್ರತಿನಿಧಿಗಳು ಇದನ್ನು ಮುಂದಿನ ಸಭೆಯಲ್ಲೇ ಎತ್ತಬಹುದು.